ಕೂಡಿ ಬಾಳಿ ಎಂದು ಕೋರ್ಟು ಹೇಳಿದರೆ...

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿದರು. ಉಂಡು ಮಲಗಿದ ಮೇಲೂ ಮುಗಿಯದ ಜಗಳಗಳು ಕೋರ್ಟಿನ ಮೆಟ್ಟಿಲು ಹತ್ತುತ್ತವೆ. ಹಾಗೆ ಹತ್ತಿದವರೆಲ್ಲ ವಿಚ್ಛೇದನ ಕೇಳಲೆಂದೇ ಹೋದವರು ಎಂದು ನಾವು ಭಾವಿಸುವುದುಂಟು. ಅದು ಪೂರ್ತಿ ನಿಜವಲ್ಲ. 'ನನ್ನ ಹೆಂಡತಿಯನ್ನು ಮನೆಗೆ ಕಳುಹಿಸಿಕೊಡಿ', 'ನನ್ನ ಗಂಡ ನನ್ನ ಜೊತೆ ಬಾಳುವಂತೆ ಮಾಡಿ' ಎಂದು ನ್ಯಾಯಾಧೀಶರ ಮುಂದೆ ಕೈಮುಗಿದು ನಿಲ್ಲುವವರೂ ಇದ್ದಾರೆ.

ಅವರಿಗಾಗಿ ಕಾನೂನಿನಲ್ಲಿ ಒಂದು ಬಾಗಿಲೇ ಇದೆ. 1955ರ ಹಿಂದೂ ವಿವಾಹ ಕಾಯ್ದೆಯ 9ನೇ ಕಲಮು ಅದು. ಹೆಸರು 'ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ'. ಸಕಾರಣವಿಲ್ಲದೆ ಗಂಡನಾಗಲೀ ಹೆಂಡತಿಯಾಗಲೀ ಸಂಗಾತಿಯಿಂದ ದೂರ ಸರಿದರೆ, ಇನ್ನೊಬ್ಬರು ಅರ್ಜಿ ಹಾಕಬಹುದು. ದೂರಿನಲ್ಲಿ ಸತ್ಯಾಂಶವಿದೆ ಎನಿಸಿದರೆ 'ಹೋಗಿ ಕೂಡಿ ಬಾಳಿ' ಎಂದು ನ್ಯಾಯಾಲಯ ಡಿಕ್ರಿ ಕೊಡುತ್ತದೆ.

ಡಿಕ್ರಿ ಬಂತು, ಸರಿ. ಹೋಗದಿದ್ದರೆ? ಅಮೀನ ಬಂದು ಕೈಹಿಡಿದು ಎಳೆದೊಯ್ಯುವಂತಿಲ್ಲ. ಹೆಚ್ಚೆಂದರೆ ಆಜ್ಞೆ ಮೀರಿದವರ ಆಸ್ತಿಯನ್ನು ಜಪ್ತಿ ಮಾಡಬಹುದು. ಸಾಲಗಾರನ ಮನೆಯಿಂದ ಎಮ್ಮೆಯನ್ನೋ ಪಾತ್ರೆಯನ್ನೋ ಜಪ್ತಿ ಮಾಡಬಹುದು. ಮುನಿಸಿಕೊಂಡ ಮನಸ್ಸನ್ನು ಜಪ್ತಿ ಮಾಡುವ ಬಗೆ ಯಾವ ಕಾಯ್ದೆಗೂ ತಿಳಿದಿಲ್ಲ. ಹಾಗಾದರೆ ಇಂಥ ವಿಚಿತ್ರ ಆಜ್ಞೆ ನಮ್ಮಲ್ಲಿಗೆ ಬಂದದ್ದು ಎಲ್ಲಿಂದ?

ಇದರ ಮೂಲ ಮನುವಿನಲ್ಲೂ ಇಲ್ಲ, ಯಾಜ್ಞವಲ್ಕ್ಯನಲ್ಲೂ ಇಲ್ಲ. ಇಂಗ್ಲೆಂಡಿನ ಚರ್ಚಿನ ನ್ಯಾಯಾಲಯಗಳಲ್ಲಿದೆ. ಮದುವೆಯ ಗಂಟನ್ನು ಬಿಡಿಸುವ ಅಧಿಕಾರ ಆ ನ್ಯಾಯಾಲಯಗಳಿಗೆ ಇರಲಿಲ್ಲ. ಹಾಗಾಗಿ ಮನೆ ಬಿಟ್ಟವರಿಗೆ 'ಹಿಂದಿರುಗು' ಎಂದು ಅಪ್ಪಣೆ ಮಾಡುತ್ತಿದ್ದವು. ಬ್ರಿಟಿಷರ ಕೋರ್ಟುಗಳ ಜೊತೆ ಈ ಪದ್ಧತಿಯೂ ಹಡಗು ಹತ್ತಿ ಭಾರತಕ್ಕೆ ಬಂತು. 1867ರಲ್ಲಿ ಮುಸ್ಲಿಂ ದಂಪತಿಯ ಪ್ರಕರಣವೊಂದರಲ್ಲಿ ಪ್ರಿವಿ ಕೌನ್ಸಿಲ್ ಇಂಥ ದಾವೆಯನ್ನು ಇಲ್ಲೂ ಹೂಡಬಹುದೆಂದು ಒಪ್ಪಿದ ಮೇಲೆ ಅದು ಇಲ್ಲಿ ಭದ್ರವಾಗಿ ಬೇರೂರಿತು.

ಅದರ ಬಿಸಿ ಎಷ್ಟೆಂಬುದು ದೇಶಕ್ಕೆ ತಿಳಿದದ್ದು ಮುಂಬಯಿಯ ರುಖ್ಮಾಬಾಯಿಯಿಂದ. 1864ರಲ್ಲಿ ಹುಟ್ಟಿದ ಆಕೆಗೆ ಹನ್ನೊಂದನೆಯ ವಯಸ್ಸಿನಲ್ಲಿ ದಾದಾಜಿ ಭಿಕಾಜಿ ಎಂಬಾತನೊಡನೆ ಮದುವೆಯಾಯಿತು. ಆಕೆ ಗಂಡನ ಮನೆಗೆ ಹೋಗಲಿಲ್ಲ. ತಾಯಿ ಹಾಗೂ ಮಲತಂದೆ ಡಾ. ಸಖಾರಾಮ ಅರ್ಜುನರ ಮನೆಯಲ್ಲೇ ಬೆಳೆದಳು. ಪುಸ್ತಕಗಳನ್ನು ತರಿಸಿಕೊಂಡು ಓದಿದಳು. 1884ರಲ್ಲಿ ದಾದಾಜಿ ಬಾಂಬೆ ಹೈಕೋರ್ಟಿಗೆ ಹೋದ. ಹೆಂಡತಿಯನ್ನು ತನ್ನ ಮನೆಗೆ ಕಳುಹಿಸಬೇಕೆಂಬುದು ಅವನ ಬೇಡಿಕೆ.

ಮೊದಲು ವಿಚಾರಣೆ ನಡೆಸಿದ ನ್ಯಾಯಮೂರ್ತಿ ಪಿನ್ಹೇ 1885ರಲ್ಲಿ ದಾವೆಯನ್ನು ತಳ್ಳಿಹಾಕಿದರು. ತಿಳಿವಳಿಕೆ ಬರುವ ಮೊದಲೇ ಮದುವೆಯಾದ, ಎಂದೂ ಕೂಡಿ ಬಾಳದ ಹೆಣ್ಣನ್ನು ಇಷ್ಟವಿಲ್ಲದವನ ಮನೆಗೆ ಅಟ್ಟುವುದು ಅನಾಗರಿಕ ಎಂಬುದು ಅವರ ಅಭಿಪ್ರಾಯವಾಗಿತ್ತು. ಈ ಪದ್ಧತಿ ಹಿಂದೂ ಧರ್ಮಶಾಸ್ತ್ರದ್ದಲ್ಲ, ಇಂಗ್ಲೆಂಡಿನಿಂದ ಬಂದದ್ದು ಎಂಬುದನ್ನೂ ಅವರು ಗುರುತಿಸಿದ್ದರು. ಇಲ್ಲೇ ಒಂದು ತಮಾಷೆಯಿದೆ: ಇಂಗ್ಲಿಷ್ ನ್ಯಾಯಮೂರ್ತಿಯೊಬ್ಬರು 'ಇದು ನಿಮ್ಮದಲ್ಲ, ನಮ್ಮದು' ಎಂದರೆ, ತೀರ್ಪನ್ನು ವಿರೋಧಿಸಿದ ಇಲ್ಲಿನ ಸಂಪ್ರದಾಯಸ್ಥರು ನಮ್ಮ ಧರ್ಮಕ್ಕೇ ಅಪಚಾರವಾಯಿತೆಂದು ಕೂಗಿದರು. ಲೋಕಮಾನ್ಯ ತಿಲಕರೂ ತೀರ್ಪನ್ನು ಒಪ್ಪದವರ ಸಾಲಿನಲ್ಲಿದ್ದರು.

ಮೇಲ್ಮನವಿಯಲ್ಲಿ ತೀರ್ಪು ಬಿದ್ದುಹೋಯಿತು. 1887ರ ಮಾರ್ಚಿಯಲ್ಲಿ ನ್ಯಾಯಮೂರ್ತಿ ಫ್ಯಾರನ್ ಆಜ್ಞೆ ಮಾಡಿದರು: ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳ ಜೈಲು. ಇಂಗ್ಲೆಂಡ್ ಇದೇ ತಪ್ಪಿಗೆ ಜೈಲು ಶಿಕ್ಷೆಯನ್ನು ಮೂರು ವರ್ಷ ಮೊದಲೇ, 1884ರಲ್ಲಿ, ಕೈಬಿಟ್ಟಿತ್ತು! ಇಪ್ಪತ್ತೆರಡರ ರುಖ್ಮಾಬಾಯಿ ಜೈಲಿಗೇ ಹೋಗುತ್ತೇನೆ ಎಂದಳು. ಕಡೆಗೆ 1888ರಲ್ಲಿ ರಾಜಿಯಾಯಿತು. ದಾದಾಜಿ ಎರಡು ಸಾವಿರ ರೂಪಾಯಿ ತೆಗೆದುಕೊಂಡು ತನ್ನ ಹಕ್ಕನ್ನು ಬಿಟ್ಟುಕೊಟ್ಟ. ಆಕೆ ಲಂಡನ್ನಿಗೆ ಹೋಗಿ ವೈದ್ಯೆಯಾಗಿ ಬಂದು, ಸೂರತ್ತಿನಲ್ಲೂ ರಾಜಕೋಟೆಯಲ್ಲೂ ದಶಕಗಳ ಕಾಲ ಹೆಂಗಸರಿಗೆ ಚಿಕಿತ್ಸೆ ಮಾಡಿದರು.

ಹಟ ಮಾಡಿದ ಹೆಂಡತಿಯನ್ನು ಜೈಲಿಗೆ ಹಾಕುವ ಅವಕಾಶ ಭಾರತದಲ್ಲಿ ರದ್ದಾದದ್ದು 1923ರಲ್ಲಿ. ಆದರೆ 'ಕೂಡಿ ಬಾಳಿ' ಎಂಬ ಆಜ್ಞೆ ಉಳಿಯಿತು. ಸ್ವತಂತ್ರ ಭಾರತದ ಸಂಸತ್ತು ಅದನ್ನು 1955ರ ಕಾಯ್ದೆಗೂ ಸೇರಿಸಿತು. ತವರು ದೇಶ ಇಂಗ್ಲೆಂಡು 1970ರ ಕಾಯ್ದೆಯ ಮೂಲಕ ಅದನ್ನು ಪೂರ್ತಿ ಕಿತ್ತೆಸೆಯಿತು. ನಾವು ಇಟ್ಟುಕೊಂಡೆವು.

ಇಟ್ಟುಕೊಂಡದ್ದಷ್ಟೇ ಅಲ್ಲ, ಅದಕ್ಕೆ ಹೊಸದೊಂದು ಉಪಯೋಗವೂ ಹುಟ್ಟಿತು. ಡಿಕ್ರಿ ಬಂದು ನಿಗದಿತ ಅವಧಿ ಕಳೆದರೂ ದಂಪತಿ ಒಂದಾಗದಿದ್ದರೆ ಅದೇ ವಿಚ್ಛೇದನಕ್ಕೆ ಕಾರಣವಾಗುತ್ತದೆ. ಎರಡು ವರ್ಷವಿದ್ದ ಈ ಅವಧಿಯನ್ನು 1976ರ ತಿದ್ದುಪಡಿ ಒಂದು ವರ್ಷಕ್ಕೆ ಇಳಿಸಿತು. 1964ರಿಂದ ಇಬ್ಬರಲ್ಲಿ ಯಾರು ಬೇಕಾದರೂ ಈ ಕಾರಣ ಮುಂದಿಟ್ಟು ವಿಚ್ಛೇದನ ಕೇಳಬಹುದು. ಸೇರಿಸಲೆಂದು ಕಟ್ಟಿದ ಸೇತುವೆಯೇ ದಾಟಿ ಹೋಗುವವರಿಗೆ ದಾರಿಯಾಯಿತು.

1984ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣವೇ ಇದಕ್ಕೆ ಸಾಕ್ಷಿ. ಗಂಡ ಮನೆಯಿಂದ ಹೊರಹಾಕಿದನೆಂದು ಹೆಂಡತಿ 9ನೇ ಕಲಮಿನಡಿ ಅರ್ಜಿ ಹಾಕಿದ್ದಳು. ಗಂಡ ವಾದಕ್ಕೆ ನಿಲ್ಲದೆ, ಡಿಕ್ರಿ ಕೊಡಲು ತನ್ನ ಅಭ್ಯಂತರವಿಲ್ಲವೆಂದ. 1978ರಲ್ಲಿ ಡಿಕ್ರಿಯಾಯಿತು. ಒಂದು ವರ್ಷ ಕಳೆದದ್ದೇ ತಡ, 'ನಾವು ಒಂದಾಗಿಲ್ಲ' ಎಂದು ಅವನೇ ವಿಚ್ಛೇದನಕ್ಕೆ ಅರ್ಜಿ ಹಾಕಿದ. ಸುಪ್ರೀಂ ಕೋರ್ಟು ಅವನಿಗೆ ವಿಚ್ಛೇದನ ಕೊಟ್ಟಿತು. ಹೆಂಡತಿಗೂ ಮಗಳಿಗೂ ಜೀವನಾಂಶ ಕೊಡಬೇಕೆಂದಿತು. ಗಂಡ ಬೇಕೆಂದು ಕೋರ್ಟಿಗೆ ಹೋದ ಆ ಹೆಂಗಸು ಬರಿಗೈಯಲ್ಲಿ ಬಂದದ್ದು ತಾನೇ ಪಡೆದ ಡಿಕ್ರಿಯಿಂದ.

ಅದಕ್ಕೆ ಒಂದು ವರ್ಷ ಮೊದಲು, 1983ರಲ್ಲಿ, ಚಿತ್ರನಟಿಯೊಬ್ಬರ ಪ್ರಕರಣದಲ್ಲಿ ಆಂಧ್ರಪ್ರದೇಶ ಹೈಕೋರ್ಟಿನ ನ್ಯಾಯಮೂರ್ತಿ ಪಿ.ಎ. ಚೌಧರಿ ಈ ಕಲಮನ್ನೇ ಸಂವಿಧಾನಬಾಹಿರ ಎಂದಿದ್ದರು. ಯಾರೊಡನೆ ಬಾಳಬೇಕು, ಯಾವಾಗ ತಾಯಿಯಾಗಬೇಕು ಎಂಬುದನ್ನು ಹೆಣ್ಣಿನ ಕೈಯಿಂದ ಕಿತ್ತು ಸರ್ಕಾರದ ಕೈಗೆ ಕೊಟ್ಟಂತಾಗುತ್ತದೆ ಎಂಬುದು ಅವರ ವಾದ. ಅದೇ ವರ್ಷ ದೆಹಲಿ ಹೈಕೋರ್ಟು ತದ್ವಿರುದ್ಧವಾಗಿ ಹೇಳಿತು: ಮನೆಯೊಳಗೆ ಸಂವಿಧಾನವನ್ನು ತರುವುದು ಪಿಂಗಾಣಿ ಅಂಗಡಿಗೆ ಗೂಳಿ ಬಿಟ್ಟಂತೆ. 1984ರಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಮಾತನ್ನೇ ಹಿಡಿಯಿತು. ಮದುವೆ ಮುರಿಯದಂತೆ ತಡೆಯುವುದು ಈ ಕಲಮಿನ ಸಾಮಾಜಿಕ ಉದ್ದೇಶ ಎಂದಿತು. 2019ರಲ್ಲಿ ಕಾನೂನು ವಿದ್ಯಾರ್ಥಿಗಳು ಪ್ರಶ್ನೆಯನ್ನು ಮತ್ತೆ ಅದೇ ನ್ಯಾಯಾಲಯಕ್ಕೆ ಒಯ್ದರು.

ಈ ಕಲಮಿಗೆ ಇನ್ನೊಂದು ಬಳಕೆಯೂ ಇದೆ. ಹೆಂಡತಿ ಜೀವನಾಂಶ ಕೇಳಿದ ಕೂಡಲೇ 'ನಾನು ಕರೆದರೂ ಅವಳೇ ಬರುತ್ತಿಲ್ಲ' ಎಂದು ತೋರಿಸಲು ಗಂಡ ಈ ಅರ್ಜಿ ಹಾಕುವುದುಂಟು. ಈ ಗುರಾಣಿಗೆ 2025ರ ಜನವರಿಯಲ್ಲಿ ಪೆಟ್ಟು ಬಿತ್ತು. ಡಿಕ್ರಿಯಾದರೂ ಗಂಡನ ಮನೆಗೆ ಹೋಗಲಿಲ್ಲ ಎಂಬುದೊಂದೇ ಕಾರಣಕ್ಕೆ ಜೀವನಾಂಶ ನಿರಾಕರಿಸುವಂತಿಲ್ಲ, ಹೋಗದಿರಲು ಕಾರಣವೇನೆಂದು ನೋಡಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು.

ಈ ಕಲಮಿನಿಂದ ಯಾವ ಮನೆಯೂ ಕೂಡಲಿಲ್ಲ ಎಂದರೆ ತಪ್ಪಾದೀತು. ಹೊರಹಾಕಿಸಿಕೊಂಡ ಹೆಣ್ಣಿಗೆ 'ಮನೆ ಬಿಟ್ಟವಳು ನಾನಲ್ಲ' ಎಂದು ನಾಲ್ಕು ಜನರೆದುರು ಹೇಳಲು ಅದೊಂದು ವೇದಿಕೆಯೂ ಹೌದು. ಆದರೆ ಹಾಗೆ ಕೂಡಿದ ಮನೆಗಳನ್ನು ಕೂಡಿಸಿದ್ದು ಮಾತುಕತೆ, ಹಿರಿಯರ ಬುದ್ಧಿವಾದ, ಮಕ್ಕಳ ಮುಖ, ಜಪ್ತಿಯ ಹೆದರಿಕೆಯಲ್ಲ.

ಕೊನೆಗೊಂದು ಸಂಗತಿ. 1904ರಲ್ಲಿ ದಾದಾಜಿ ಸತ್ತಾಗ ರುಖ್ಮಾಬಾಯಿ ವಿಧವೆಯಂತೆ ಬಿಳಿ ಸೀರೆ ಉಟ್ಟರು ಎನ್ನುತ್ತಾರೆ ಅವರ ಚರಿತ್ರಕಾರರು. ಜೈಲಿಗೆ ಸಿದ್ಧಳಾದರೂ ಅವನ ಮನೆಗೆ ಹೋಗಲೊಪ್ಪದ ಹೆಣ್ಣು ಯಾರೂ ಹೇಳದೆಯೇ ಅವನಿಗಾಗಿ ಬಿಳಿ ಉಟ್ಟದ್ದೇಕೆ? ಆ ಮನಸ್ಸನ್ನು ಯಾವ ಕೋರ್ಟು ಓದೀತು? ತೊಂಬತ್ತು ವರ್ಷ ಬಾಳಿ ಅವರು ತೀರಿಕೊಂಡದ್ದು 1955ರ ಸೆಪ್ಟೆಂಬರಿನಲ್ಲಿ. 9ನೇ ಕಲಮನ್ನು ಒಳಗೊಂಡ ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂದು ಆಗ ನಾಲ್ಕು ತಿಂಗಳಾಗಿತ್ತು.