ತಲೆದಿಂಬಿನ ಬಳಿಯ ಗಡಿಯಾರ-ರೇಡಿಯೊ

ಕೆಂಗೇರಿಯಿಂದ ರಾಜಾಜಿನಗರದ ಕಾಲೇಜಿಗೆ ದಿನವೂ ಬಂದುಹೋಗುವ ನಮ್ಮ ವಿದ್ಯಾರ್ಥಿಯೊಬ್ಬನಿಗೆ ಅಮೆರಿಕದಿಂದ ಬಂದ ಅವನ ಚಿಕ್ಕಮ್ಮ ಒಂದು ಉಡುಗೊರೆಯನ್ನು ತಂದುಕೊಟ್ಟರು. ಅದೊಂದು ಪುಟ್ಟ ಕರಿಯ ಪೆಟ್ಟಿಗೆ. ಅದರ ಮುಖದ ಮೇಲೆ ಕೆಂಪಗೆ ಹೊಳೆಯುವ ಅಂಕಿಗಳು, ಒಳಗೆ ರೇಡಿಯೊ, ನೆತ್ತಿಯ ಮೇಲೆ ಸಂಗೀತದ ಕಿರುಯಂತ್ರವನ್ನು ಕೂರಿಸಲು ಡಾಕ್ ಎಂಬ ಹೆಸರಿನ ಪೀಠ. ಅಮೆರಿಕದ ಮನೆಗಳ ವಿದ್ಯುತ್ತು 120 ವೋಲ್ಟು, ನಮ್ಮದು 230 ವೋಲ್ಟು ಎಂಬುದನ್ನು ಹುಡುಗನು ಬಲ್ಲನು. ಆದುದರಿಂದ ಎಸ್. ಪಿ. ರಸ್ತೆಯ ಅಂಗಡಿಯಿಂದ ವೋಲ್ಟೇಜನ್ನು ಇಳಿಸುವ ಟ್ರಾನ್ಸ್‌ಫಾರ್ಮರೊಂದನ್ನು ತಂದು, ಅದರ ಮೂಲಕ ಪೆಟ್ಟಿಗೆಗೆ ವಿದ್ಯುತ್ತನ್ನು ಕೊಟ್ಟನು. ಮರುದಿನ ಬೆಳಗ್ಗೆ ಎಂಟಕ್ಕೆ ಪ್ರಾಯೋಗಿಕ ಪರೀಕ್ಷೆ. ರಾತ್ರಿ ಸರಿಯಾಗಿ ಹತ್ತು ಗಂಟೆಗೆ ಗಡಿಯಾರವನ್ನು ಹೊಂದಿಸಿ, ಐದಕ್ಕೆ ಎಚ್ಚರಿಸುವಂತೆ ಗುಂಡಿಯನ್ನೊತ್ತಿ ಮಲಗಿದನು.

ಗಡಿಯಾರವು ಐದು ಎಂದು ತೋರಿಸಿದಾಗ ತಪ್ಪದೆ ರೇಡಿಯೊ ಹಾಡಿತು. ಆದರೆ ಕಿಟಕಿಯ ಹೊರಗೆ ಬೆಳಕು ಹರಿದಿತ್ತು. ಅಡುಗೆಮನೆಯ ಗೋಡೆಗಡಿಯಾರದಲ್ಲಿ ಆರು ಗಂಟೆ ಇಪ್ಪತ್ತನಾಲ್ಕು ನಿಮಿಷವಾಗಿತ್ತು! ಓಡೋಡಿ ಬಂದರೂ ಪರೀಕ್ಷೆಯ ಇಪ್ಪತ್ತು ನಿಮಿಷಗಳು ಕಳೆದುಹೋಗಿದ್ದುವು; ಪ್ರಯೋಗವು ಅರ್ಧದಲ್ಲಿಯೇ ನಿಂತಿತು. “ಸಾರ್, ಗಡಿಯಾರ ಕೆಟ್ಟುಹೋಗಿದೆ” ಎಂದು ಅವನು ನಮ್ಮಲ್ಲಿ ಹೇಳಿಕೊಂಡನು. ಗಡಿಯಾರವು ಕೆಟ್ಟಿರಲಿಲ್ಲ. ಅದು ತನಗೆ ಕಲಿಸಿದ್ದ ಲೆಕ್ಕವನ್ನು ಚಾಚೂ ತಪ್ಪದೆ ಮಾಡಿತ್ತು.

ಮಲಗುವ ಕೋಣೆಯಿಂದ ದೂರವಾಣಿಯನ್ನು ಹೊರಗಿಡಬೇಕೆಂದು ಬಯಸುವವರು ಇಂಥ ಪೆಟ್ಟಿಗೆಯನ್ನು ಕೊಳ್ಳಲು ಯೋಚಿಸುವುದುಂಟು. ಇದನ್ನು ಆರಿಸುವ ಬಗೆ ಹೇಗೆ? ಅಂಗಡಿಯವನ ಮಾತಿಗಿಂತಲೂ, ಪೆಟ್ಟಿಗೆಯ ಬಣ್ಣಕ್ಕಿಂತಲೂ, ಪ್ರೌಢಶಾಲೆಯಲ್ಲಿ ಕಲಿತ ಭೌತವಿಜ್ಞಾನವೇ ಇಲ್ಲಿ ಹೆಚ್ಚು ನೆರವಾಗುವುದೆಂಬುದನ್ನು ತೋರಿಸುವುದು ನಮ್ಮ ಉದ್ದೇಶ.

ಗಡಿಯಾರದ ನಾಡಿ

ಯಾವ ಗಡಿಯಾರಕ್ಕಾದರೂ ಎರಡು ಅಂಗಗಳಿರಬೇಕು: ಸಮನಾದ ಅವಧಿಯಲ್ಲಿ ಮಿಡಿಯುವ ನಾಡಿಯೊಂದು, ಆ ಮಿಡಿತಗಳನ್ನು ಎಣಿಸುವ ಲೆಕ್ಕಿಗನೊಬ್ಬ. ಗೋಡೆಗೆ ಚುಚ್ಚಿ ನಡೆಸುವ ಕೆಲವು ಗಡಿಯಾರ-ರೇಡಿಯೊಗಳಲ್ಲಿ ಮನೆಯ ವಿದ್ಯುತ್ತೇ ನಾಡಿ. ಪರ್ಯಾಯ ವಿದ್ಯುತ್ಪ್ರವಾಹವು ನಮ್ಮಲ್ಲಿ ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ಆಂದೋಲನ ಮಾಡುವುದು. ಅಮೆರಿಕದಲ್ಲಿ 60 ಸಲ. ಅಲ್ಲಿಗಾಗಿ ತಯಾರಾದ ಪೆಟ್ಟಿಗೆಯು 60 ಆಂದೋಲನಗಳನ್ನು ಎಣಿಸಿದ ಮೇಲೆಯೇ ಒಂದು ಸೆಕೆಂಡು ಕಳೆಯಿತೆಂದು ತಿಳಿಯುವುದು. ನಮ್ಮ ವಿದ್ಯುತ್ತಿನಲ್ಲಿ 60 ಆಂದೋಲನಗಳು ಮುಗಿಯಲು 1.2 ಸೆಕೆಂಡು ಬೇಕು. ಆದ್ದರಿಂದ ಅದು ಏಳು ಗಂಟೆಯೆಂದು ಎಣಿಸುವಷ್ಟರಲ್ಲಿ ಏಳರ 1.2ರಷ್ಟು, ಎಂದರೆ 8 ಗಂಟೆ 24 ನಿಮಿಷಗಳು ಕಳೆದಿರುತ್ತವೆ. ಹತ್ತಕ್ಕೆ ಮಲಗಿದವನು 6 ಗಂಟೆ 24 ನಿಮಿಷಕ್ಕೆ ಎದ್ದದ್ದು ಹೀಗೆ. ದಿನಕ್ಕೆ ನಾಲ್ಕು ಗಂಟೆ ಹಿಂದೆ ಬೀಳುವ ಗಡಿಯಾರವಿದು!

ಟ್ರಾನ್ಸ್‌ಫಾರ್ಮರು ಏಕೆ ಕಾಪಾಡಲಿಲ್ಲವೆಂದು ವಾಚಕರು ಕೇಳಬಹುದು. ಅದರ ಒಂದು ಸುರುಳಿಯಲ್ಲಿ ಏಳುವ ಪ್ರತಿಯೊಂದು ಅಲೆಯೂ ಮತ್ತೊಂದು ಸುರುಳಿಯಲ್ಲಿ ಒಂದೇ ಅಲೆಯನ್ನು ಎಬ್ಬಿಸುವುದು. ಸುರುಳಿಗಳ ಸುತ್ತುಗಳಿಗೆ ತಕ್ಕಂತೆ ಅಲೆಯ ಎತ್ತರ ಕುಗ್ಗೀತು, ಆದರೆ ಅಲೆಗಳ ಎಣಿಕೆ ಬದಲಾಗದು. ಹೀಗಾಗಿ ಪೆಟ್ಟಿಗೆಯ ಹಿಂಬದಿಯ ಚೀಟಿಯಲ್ಲಿ ವೋಲ್ಟೇಜಿನ ಜೊತೆಗೆ ಹರ್ಟ್ಸಿನ ಅಂಕಿಯನ್ನೂ ಓದಬೇಕು. ಅದಷ್ಟೇ ಸಾಲದು. ‘50/60’ ಎಂಬ ಬರೆಹವು ವಿದ್ಯುತ್ಪೂರೈಕೆಯ ಭಾಗಕ್ಕೆ ಮಾತ್ರ ಅನ್ವಯಿಸಬಹುದಾದುದರಿಂದ, ಗಡಿಯಾರವು ಯಾವುದನ್ನು ಎಣಿಸುವುದೆಂದು ಕೈಪಿಡಿಯಲ್ಲಿ ನೋಡುವುದು ಲೇಸು.

ಇಲ್ಲಿಗಾಗಿಯೇ ತಯಾರಾದ, 50 ಆಂದೋಲನಗಳನ್ನು ಎಣಿಸುವ ಗಡಿಯಾರದ ನಡೆಯೂ ವಿದ್ಯುಜ್ಜಾಲದ ನಡೆಯನ್ನೇ ಅನುಸರಿಸುವುದು. ಭಾರತದ ವಿದ್ಯುಜ್ಜಾಲವನ್ನು 49.90ರಿಂದ 50.05 ಹರ್ಟ್ಸಿನ ಮೇರೆಯೊಳಗೆ ಇರಿಸಬೇಕೆಂಬುದು ನಿಯಮ. ದಿನವಿಡೀ ಸರಾಸರಿ 49.95 ಹರ್ಟ್ಸು ಇದ್ದಿತೆಂದು ಭಾವಿಸಿದರೆ ಗಡಿಯಾರವು ಸಾವಿರಕ್ಕೆ ಒಂದು ಪಾಲು, ಎಂದರೆ ಸುಮಾರು 86 ಸೆಕೆಂಡುಗಳಷ್ಟು ಹಿಂದೆ ಬೀಳುವುದು.

ಸ್ಫಟಿಕದ ಚೂರನ್ನು ನಾಡಿಯಾಗಿ ಉಳ್ಳ ಗಡಿಯಾರಕ್ಕೆ ಈ ಹಂಗಿಲ್ಲ. ಕ್ವಾರ್ಟ್ಸ್ ಎಂಬ ಈ ಸ್ಫಟಿಕವು ಸೆಕೆಂಡಿಗೆ 32,768 ಸಲ ಕಂಪಿಸುವಂತೆ ಅದನ್ನು ಕೊರೆದಿರುವರು. ಈ ವಿಚಿತ್ರ ಸಂಖ್ಯೆ ಏತಕ್ಕೆ? ಎರಡನ್ನು ಹದಿನೈದು ಸಲ ಗುಣಿಸಿ ನೋಡಿರಿ. ಅದೇ ಸಂಖ್ಯೆ ದೊರೆಯುವುದು. ಹದಿನೈದು ಬಾರಿ ಅರ್ಧ ಮಾಡುತ್ತ ಬಂದರೆ ಸರಿಯಾಗಿ ಸೆಕೆಂಡಿಗೊಂದು ಮಿಡಿತ ಉಳಿಯುವುದು. ಸಾಧಾರಣ ಸ್ಫಟಿಕದ ತಪ್ಪು ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು; ತಿಂಗಳಿಗೆ ಒಂದು ನಿಮಿಷಕ್ಕಿಂತಲೂ ಕಡಮೆ.

ಮಳೆಗಾಲದ ಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಬಸವೇಶ್ವರನಗರದ ಬೀದಿಯೇ ಆಗಲಿ, ವಿಜಯನಗರದ ಬೀದಿಯೇ ಆಗಲಿ, ಕತ್ತಲಾಗುವುದು. ಪುಟ್ಟ ಬ್ಯಾಟರಿಯ ಆಸರೆಯಿಲ್ಲದ ಗಡಿಯಾರವು ಮರಳಿ ವಿದ್ಯುತ್ತು ಬಂದಾಗ ಹನ್ನೆರಡು ಗಂಟೆಯೆಂದು ಮಿಣುಕುತ್ತ ಕುಳಿತಿರುವುದು. ಬ್ಯಾಟರಿಯು ಸಮಯವನ್ನು ಉಳಿಸುವುದಲ್ಲದೆ ಎಚ್ಚರಿಕೆಯ ಸದ್ದನ್ನೂ ಮಾಡಬಲ್ಲುದೇ ಎಂದು ಕೇಳಿ ತಿಳಿಯಬೇಕು. ಕೆಲವು ಪೆಟ್ಟಿಗೆಗಳಲ್ಲಿ ಅದು ಮೊದಲನೆಯದನ್ನು ಮಾತ್ರ ಮಾಡುವುದು.

ಅಲೆಗಳನ್ನು ಹಿಡಿಯುವ ಬಗೆ

ರೇಡಿಯೊ ನಮ್ಮ ನಾಡಿಗೆ ಹಳೆಯ ನಂಟು. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಭಾರತದ ಬಾನುಲಿಗೇ ಹೆಸರಾಯಿತು. ಬೆಂಗಳೂರಿನ ಕೇಂದ್ರವು 1955ರ ನವೆಂಬರಿನಲ್ಲಿ ಆರಂಭವಾಯಿತು. 612 ಕಿಲೊಹರ್ಟ್ಸಿನ ಮಧ್ಯಮ ತರಂಗವು ದಶಕಗಳಿಂದ ಅದರ ಗುರುತಾಗಿದೆ.

612 ಎಂಬುದು ಒಂಬತ್ತರ ಅರುವತ್ತೆಂಟು ಪಟ್ಟು. 1975ರ ಜಿನೀವಾ ಒಪ್ಪಂದದಂತೆ ಏಷ್ಯ, ಯೂರೋಪು, ಆಫ್ರಿಕಗಳಲ್ಲಿ ಮಧ್ಯಮ ತರಂಗದ ಕೇಂದ್ರಗಳನ್ನು ಒಂಬತ್ತೊಂಬತ್ತು ಕಿಲೊಹರ್ಟ್ಸುಗಳ ಮೆಟ್ಟಿಲುಗಳಲ್ಲಿ ಇರಿಸಲಾಗಿದೆ. ಅಮೆರಿಕದಲ್ಲಿ ಮೆಟ್ಟಿಲು ಹತ್ತರದು. ಅಲ್ಲಿಯ ಅಂಕಿ ತೋರಿಸುವ ರೇಡಿಯೊ 610ರಲ್ಲಿ ನಿಲ್ಲುವುದು, ಇಲ್ಲವೆ 620ಕ್ಕೆ ಹಾರುವುದು. 612 ಅದಕ್ಕೆ ಸಿಕ್ಕದು. 610ರಲ್ಲಿ ನಿಂತರೆ ಧ್ವನಿ ಕೇಳಿಸಿದರೂ ವಿಕಾರವಾಗಿರುವುದು. ಕೆಲವು ಪೆಟ್ಟಿಗೆಗಳ ಬೆನ್ನಿನಲ್ಲಿ ಒಂಬತ್ತು-ಹತ್ತರ ಸಣ್ಣ ಕೀಲಿಯೊಂದಿರುತ್ತದೆ. ಅದನ್ನು ಹುಡುಕಿ ನೋಡಬೇಕು. ಎಫ್. ಎಂ. ಪಟ್ಟಿಯಲ್ಲಿ ನಮ್ಮೂರಿನ ರೇನ್‌ಬೋ ವಾಹಿನಿಯ 101.3, ವಿವಿಧ ಭಾರತಿಯ 102.9 ಮೆಗಾಹರ್ಟ್ಸುಗಳು ಅಮೆರಿಕದ ಮೆಟ್ಟಿಲುಗಳಿಗೂ ಹೊಂದುವುದರಿಂದ ಅಲ್ಲಿ ಈ ತೊಡಕಿಲ್ಲ.

ಅಲೆಯ ಉದ್ದವನ್ನು ತಿಳಿಯಲು ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಬೇಕು. 612 ಕಿಲೊಹರ್ಟ್ಸಿನ ಅಲೆ ಸುಮಾರು 490 ಮೀಟರು, 101.3 ಮೆಗಾಹರ್ಟ್ಸಿನದು ಮೂರು ಮೀಟರಿಗೂ ತುಸು ಕಡಮೆ. ಎರಡನೆಯದನ್ನು ಹಿಡಿಯಲು ಅಲೆಯ ಕಾಲುಭಾಗದಷ್ಟು, ಎಂದರೆ 74 ಸೆಂಟಿಮೀಟರು ತಂತಿ ಸಾಕು. ಪೆಟ್ಟಿಗೆಯ ಹಿಂದೆ ಇಳಿಬಿದ್ದಿರುವ ತಂತಿಯ ಕೆಲಸವೇ ಇದು. ಅದನ್ನು ಸುತ್ತಿಡದೆ ಚಾಚಿಡಬೇಕು. ಮಧ್ಯಮ ತರಂಗಕ್ಕಾದರೋ ಒಳಗೆ ಫೆರೈಟಿನ ಕಡ್ಡಿಗೆ ಸುತ್ತಿದ ಸುರುಳಿಯೊಂದಿರುವುದು. ಅದಕ್ಕೆ ದಿಕ್ಕಿನ ಭೇದವುಂಟು: ಪೆಟ್ಟಿಗೆಯನ್ನು ಮೆಲ್ಲನೆ ತಿರುಗಿಸಿದರೆ ಧ್ವನಿ ಏರುವುದನ್ನೂ ಇಳಿಯುವುದನ್ನೂ ಕಾಣಬಹುದು.

ಎಲ್‌ಇಡಿ ದೀಪಗಳೂ ದೂರವಾಣಿಯ ಚಾರ್ಜರುಗಳೂ ಒಳಗೊಳಗೇ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೂಡಿಸುವುವು. ಆ ಗದ್ದಲ ಮಧ್ಯಮ ತರಂಗದಲ್ಲಿ ಗೊರಗೊರ ಸದ್ದಾಗಿ ಕೇಳಿಸುವುದು. ಅಲ್ಲಿ ಧ್ವನಿಯು ಅಲೆಯ ಎತ್ತರದಲ್ಲಿ ಅಡಗಿರುವುದರಿಂದ ಗದ್ದಲವೂ ಅದರೊಡನೆ ಸೇರಿಬಿಡುತ್ತದೆ. ಎಫ್. ಎಂ. ಪದ್ಧತಿಯಲ್ಲಿ ಧ್ವನಿಯು ಆವೃತ್ತಿಯ ಏರಿಳಿತದಲ್ಲಿರುವುದರಿಂದ ಗದ್ದಲದ ಉಪದ್ರವ ಕಡಮೆ. ಮಧ್ಯಮ ತರಂಗವನ್ನು ಕೇಳಬೇಕೆನ್ನುವವರು ರೇಡಿಯೊವನ್ನು ಚಾರ್ಜರಿನಿಂದ ದೂರವಿರಿಸಿದರೆ ಅರ್ಧ ಕೆಲಸ ಆದಂತೆಯೇ.

ನೆತ್ತಿಯ ಮೇಲಿನ ಪೀಠ

ಈಗ ಸಂಗೀತದ ಪೀಠದ ಮಾತು. ಆಪಲ್ ಸಂಸ್ಥೆಯ ಐಪಾಡ್ 2001ರಲ್ಲಿ ಹೊರಬಂದಿತು. 2003ರಲ್ಲಿ ಅದಕ್ಕೆ ಮೂವತ್ತು ಮೊನೆಗಳ ಅಗಲವಾದ ಕೂಡುಕೊಂಡಿ ಬಂದಿತು. ಗಡಿಯಾರ-ರೇಡಿಯೊಗಳ ತಯಾರಕರು ತಮ್ಮ ಪೆಟ್ಟಿಗೆಗಳ ನೆತ್ತಿಯ ಮೇಲೆ ಅದಕ್ಕೊಪ್ಪುವ ಪೀಠವನ್ನು ಕಟ್ಟಿದರು. 2012ರಲ್ಲಿ ಸಂಸ್ಥೆಯು ‘ಲೈಟ್ನಿಂಗ್’ ಎಂಬ ಕಿರಿದಾದ ಕೊಂಡಿಗೆ ಹೊರಳಿತು. 2022ರಲ್ಲಿ ಐಪಾಡಿನ ತಯಾರಿಕೆಯೇ ಕೊನೆಗೊಂಡಿತು. 2023ರಲ್ಲಿ ಐಫೋನಿಗೆ ಯು. ಎಸ್. ಬಿ. ‘ಸಿ’ ಕೊಂಡಿ ಬಂದಿತು. ಇಪ್ಪತ್ತು ವರ್ಷಗಳಲ್ಲಿ ಮೂರು ಕೊಂಡಿಗಳು! ಪೆಟ್ಟಿಗೆಯ ರೇಡಿಯೊ ಹಾಡುತ್ತಲೇ ಇದ್ದರೂ ಅದರ ಪೀಠವು ಅರಸನಿಲ್ಲದ ಸಿಂಹಾಸನವಾಯಿತು.

ಇದರ ನೀತಿ ಸ್ಪಷ್ಟವಾಗಿದೆ. ಒಬ್ಬ ತಯಾರಕನ ಒಂದು ಆಕಾರಕ್ಕೆ ಮಾತ್ರ ಹೊಂದುವ ಪೀಠಕ್ಕಿಂತ ಎಲ್ಲರೂ ಒಪ್ಪಿದ ಕೊಂಡಿಯು ಬಹುಕಾಲ ಬಾಳುವುದು. 3.5 ಮಿಲಿಮೀಟರಿನ ದುಂಡು ತೂತು, ಯು. ಎಸ್. ಬಿ. ಕೊಂಡಿ, 2.4 ಗಿಗಾಹರ್ಟ್ಸಿನ ಅಲೆಗಳಿಂದ ಸಂಗೀತವನ್ನು ತರುವ ಬ್ಲೂಟೂತ್, ಇವುಗಳಲ್ಲಿ ಎರಡಾದರೂ ಇರುವ ಪೆಟ್ಟಿಗೆಯನ್ನು ಆರಿಸುವುದು ಜಾಣತನ.

ಸಣ್ಣ ಬಾಯಿಯ ಹಾಡು

ಐದು ಸೆಂಟಿಮೀಟರಿನ ಧ್ವನಿವರ್ಧಕದಿಂದ ಮಂದ್ರಸ್ವರ ಹೊರಡುವುದೇ? ಸ್ವರದ ಆವೃತ್ತಿ ಅರ್ಧವಾದರೆ, ಅಷ್ಟೇ ಗಟ್ಟಿಯಾದ ಧ್ವನಿಯನ್ನು ಹೊರಡಿಸಲು ಧ್ವನಿವರ್ಧಕದ ಪೊರೆಯು ನಾಲ್ಕು ಪಟ್ಟು ದೂರ ಚಲಿಸಬೇಕಾಗುವುದು. ಪುಟ್ಟ ಪೊರೆಗೆ ಅಷ್ಟು ಜಾಗವಿಲ್ಲ. ಆದರೂ ಮೃದಂಗದ ನಾದ ನಮಗೆ ಗುರುತು ಸಿಕ್ಕುವುದಲ್ಲವೆ! ಇದಕ್ಕೆ ಕಾರಣ ಕಿವಿಯ ಚಮತ್ಕಾರ. ಮೂಲಸ್ವರವು 100 ಹರ್ಟ್ಸಾಗಿದ್ದರೆ ಅದರೊಡನೆ 200, 300, 400 ಹರ್ಟ್ಸುಗಳ ಮೇಲುಸ್ವರಗಳೂ ಇರುತ್ತವೆ. ಪೆಟ್ಟಿಗೆಯು ಮೂಲಸ್ವರವನ್ನು ನುಂಗಿಹಾಕಿದರೂ, ಮೇಲುಸ್ವರಗಳ ನಡುವಣ ಸಮನಾದ ಅಂತರದಿಂದ ಮಿದುಳು 100ರ ಸ್ಥಾಯಿಯನ್ನೇ ಗ್ರಹಿಸುವುದು. ಚರ್ಮವಾದ್ಯಗಳಲ್ಲಿ ಇಂಥ ಹೊಂದಿಕೆಯ ಮೇಲುಸ್ವರಗಳು ಅಪೂರ್ವ. ಮೃದಂಗದ ಕರಣೆಯ ಭಾರವೇ ಅವನ್ನು ಸಾಧ್ಯಗೊಳಿಸಿತೆಂಬುದನ್ನು ಸರ್ ಸಿ. ವಿ. ರಾಮನ್ನರು ತೋರಿಸಿಕೊಟ್ಟರು.

ಆದುದರಿಂದ ಅಂಗಡಿಯಲ್ಲಿ ಅಬ್ಬರದ ಹಾಡನ್ನು ಹಾಕಿಸಿ ಮೆಚ್ಚಬೇಡಿರಿ. ವಾರ್ತೆಯನ್ನು ಓದುವ ಒಂದು ಕಂಠವನ್ನೂ, ತಂಬೂರಿಯ ಶ್ರುತಿಯನ್ನೂ ಮೆಲುದನಿಯಲ್ಲಿ ಕೇಳಿರಿ. ಮಾತು ಸ್ಪಷ್ಟವಾಗಿದ್ದು, ಪೆಟ್ಟಿಗೆ ತಾನೇ ಅದುರದಿದ್ದರೆ ಅದು ಉತ್ತಮ.

ರಾತ್ರಿಯ ಬೆಳಕು

ಕಡೆಯದಾಗಿ ಅಂಕಿಗಳ ಬಣ್ಣ. ಕಣ್ಣಿನ ಹಿಂಪರೆಯಲ್ಲಿ ನೋಟಕ್ಕಿಂತಲೂ ಹೆಚ್ಚಾಗಿ ಹಗಲು-ರಾತ್ರಿಗಳ ಅರಿವಿಗೆ ನೆರವಾಗುವ ಕೆಲವು ಕೋಶಗಳಿವೆ. ಸುಮಾರು 480 ನ್ಯಾನೊಮೀಟರಿನ ನೀಲಿಬೆಳಕು ಅವನ್ನು ಹೆಚ್ಚಾಗಿ ಕೆರಳಿಸಿ, ನಿದ್ದೆಯ ಹೊತ್ತನ್ನು ಸಾರುವ ಮೆಲಟೋನಿನ್ ರಸವನ್ನು ತಗ್ಗಿಸುವುದು. ಕೆಂಪಿಗೆ ಆ ಶಕ್ತಿ ಬಹಳ ಕಡಮೆ. ಹೀಗಾಗಿ ಮಂದಗೊಳಿಸಬಹುದಾದ ಕೆಂಪು ಅಂಕಿಗಳು ಹಾಸಿಗೆಯ ಬಳಿಗೆ ಒಪ್ಪುವುವು. ಕೋಣೆಯನ್ನೆಲ್ಲ ಬೆಳಗುವ ನೀಲಿ ಅಂಕಿಗಳು ಒಪ್ಪವು.

ನಮ್ಮ ವಿದ್ಯಾರ್ಥಿಯ ಪೆಟ್ಟಿಗೆಯ ಗತಿ ಏನಾಯಿತು? ಅವನು ಅದನ್ನು ಪ್ರಯೋಗಾಲಯಕ್ಕೆ ತಂದನು. ಸ್ಫಟಿಕದ ಗಡಿಯಾರವೊಂದನ್ನು ಪಕ್ಕದಲ್ಲಿಟ್ಟು ತರಗತಿಯೇ ಕಾದು ಕುಳಿತಿತು. ಒಂದು ಗಂಟೆ ಕಳೆದಾಗ ಕೆಂಪು ಅಂಕಿಗಳು ಐವತ್ತು ನಿಮಿಷಗಳನ್ನು ಮಾತ್ರ ಮುಂದೆ ಸರಿದಿದ್ದುವು. ಪರ್ಯಾಯ ವಿದ್ಯುತ್ತಿನ ಆವೃತ್ತಿಯನ್ನು ನಾವು ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೆವು. ಅಂದು ಮಕ್ಕಳು ಅದನ್ನು ಕಣ್ಣಾರೆ ಕಂಡರು. ಪೆಟ್ಟಿಗೆಯು ಈಗ ಅವನ ಮನೆಯಲ್ಲಿ ರೇಡಿಯೊ ಆಗಿ ಚೆನ್ನಾಗಿ ಹಾಡುತ್ತಿದೆ. ಬೆಳಗ್ಗೆ ಎಬ್ಬಿಸುವ ಹೊಣೆ ಮಾತ್ರ ಬ್ಯಾಟರಿಯಿಂದ ನಡೆಯುವ ಸಾಧಾರಣ ಗಡಿಯಾರವೊಂದಕ್ಕೆ ಸೇರಿದೆ. ಹೊಸದನ್ನು ಕೊಂಡವರು ಮೊದಲ ವಾರ ಅದನ್ನು ಇನ್ನೊಂದು ಗಡಿಯಾರದೊಡನೆ ದಿನವೂ ಹೋಲಿಸಿ ಬರೆದಿಡಲಿ. ಪರೀಕ್ಷೆಯ ಮುನ್ನಾದಿನ ಹೊಸ ಗಡಿಯಾರವನ್ನು ನಂಬುವುದು ಬೇಡ.