ಟಿಕೆಟ್ ಸಿಗದಿದ್ದರೆ ಕಂಪನಿ ಹುಟ್ಟುತ್ತದೆಯೇ?

2005ರ ದೀಪಾವಳಿ. ಬೆಂಗಳೂರಿನಲ್ಲಿ ಎಂಜಿನಿಯರಾಗಿದ್ದ ಫಣೀಂದ್ರ ಸಾಮ ಅವರಿಗೆ ಹೈದರಾಬಾದಿನ ಬಸ್ಸಿಗೆ ಟಿಕೆಟ್ ಸಿಗಲಿಲ್ಲ. ಮರುವರ್ಷ ಆನ್‌ಲೈನಿನಲ್ಲಿ ಬಸ್ ಟಿಕೆಟ್ ಮಾರುವ ರೆಡ್‌ಬಸ್ ಶುರುವಾಯಿತು. ಸ್ಟಾರ್ಟಪ್ ಕನಸಿನವರಿಗೆ ಇದೊಂದು ಸ್ಥಳಪುರಾಣವೇ ಆಗಿಬಿಟ್ಟಿದೆ. ಒಳ್ಳೆಯ ಐಡಿಯಾ ಥಟ್ಟನೆ ಹೊಳೆಯುತ್ತದೆ, ಹೊಳೆಯುವ ತನಕ ಕಾಯಬೇಕು ಎಂಬ ನಂಬಿಕೆಗೆ ಇಂಥ ಕಥೆಗಳೇ ಗೊಬ್ಬರ.

ಹಬ್ಬದ ಹಿಂದಿನ ದಿನ ಕಲಾಸಿಪಾಳ್ಯದಲ್ಲೋ ಆನಂದರಾವ್ ವೃತ್ತದಲ್ಲೋ ಟಿಕೆಟ್ ಸಿಗದೆ ಬೈದುಕೊಂಡು ವಾಪಸಾದವರು ಆ ವರ್ಷವೂ ಬೇಕಾದಷ್ಟು ಜನ ಇದ್ದಿರಬೇಕು. ಫಣೀಂದ್ರ ಮತ್ತು ಗೆಳೆಯರು ಅಲ್ಲಿಗೇ ನಿಲ್ಲಲಿಲ್ಲ. ಏಜೆಂಟರ, ಬಸ್ ಮಾಲೀಕರ ಬಳಿ ಹೋಗಿ ಟಿಕೆಟ್ ಹೇಗೆ ಮಾರಾಟವಾಗುತ್ತದೆ ಎಂದು ಕೇಳಿ ತಿಳಿದರು. ಸೀಟಿನ ಲೆಕ್ಕ ಮಾಲೀಕರ ಹತ್ತಿರ; ಏಜೆಂಟ್ ಫೋನ್ ಮಾಡಿಯೇ ಕೇಳಬೇಕು, ಅದೂ ತನಗೆ ಪರಿಚಯವಿರುವ ನಾಲ್ಕಾರು ಮಂದಿಯನ್ನು. ಒಬ್ಬ ಪ್ರಯಾಣಿಕ ಮನೆಗೆ ಮರಳುವ ಹೊತ್ತಿಗೇ ಇನ್ಯಾರದೋ ಬಸ್ಸು ಖಾಲಿ ಸೀಟು ಹೊತ್ತು ಹೊರಟಿರಬಹುದು! ಕೊರತೆ ಇದ್ದದ್ದು ಬಸ್ಸಿಗಿಂತ ಹೆಚ್ಚಾಗಿ ಮಾಹಿತಿಗೆ. ಬರೀ ಸಿಟ್ಟು ಮಾಡಿಕೊಂಡಿದ್ದರೆ ಇದು ಗೊತ್ತಾಗುತ್ತಿರಲಿಲ್ಲ. ಇಷ್ಟಾದರೂ ಮೊದಲ ಐಡಿಯಾ ನಡೆಯಲಿಲ್ಲ. ಮಾಲೀಕರಿಗೆಂದೇ ಬರೆದ ಸಾಫ್ಟ್‌ವೇರನ್ನು ಪುಕ್ಕಟೆ ಕೊಡಲು ಹೋದರೂ ಅವರಿಗೆ ಬೇಡವಾಗಿತ್ತು. ಕೆಲವು ಸೀಟು ಕೊಡಿ, ನಾವೇ ಮಾರಿಕೊಡುತ್ತೇವೆ ಎಂದ ಮೇಲೆ ಗಾಡಿ ಮುಂದೆ ಹೋಯಿತು.

ಯಾರೂ ಮಾಡದ್ದನ್ನೇ ಮಾಡಬೇಕು ಎಂಬುದು ಎರಡನೆಯ ನಂಬಿಕೆ. 2005ರಲ್ಲಿ ಐಡಿ ಫ್ರೆಶ್‌ನವರು ದೋಸೆ ಹಿಟ್ಟು ಮಾರಲು ಹೊರಟಾಗ ಬೆಂಗಳೂರಿನ ಅಂಗಡಿಗಳಲ್ಲಿ ಹಿಟ್ಟಿಗೇನು ಬರವಿತ್ತೇ? ಪ್ಲಾಸ್ಟಿಕ್ ಕವರಿಗೆ ರಬ್ಬರ್ ಬ್ಯಾಂಡ್ ಸುತ್ತಿದ ಹಿಟ್ಟು ಮಾರಾಟವಾಗುತ್ತಲೇ ಇತ್ತು. ಗುಣಮಟ್ಟದ ಬಗ್ಗೆ ದೂರೂ ಇತ್ತು. ಗೊಣಗುತ್ತಲೇ ದುಡ್ಡು ಕೊಡುವ ಗಿರಾಕಿ ಎಲ್ಲಿದ್ದಾನೋ ಹೊಸಬರು ಅಲ್ಲಿ ಹುಡುಕುವುದು ವಾಸಿ. ಪೈಪೋಟಿಯೇ ಇಲ್ಲದ ಕಡೆ ಎಷ್ಟೋ ಸಲ ವ್ಯಾಪಾರವೂ ಇರುವುದಿಲ್ಲ.

ಒಮ್ಮೆ ಸೋತದ್ದು ಮತ್ತೆ ಕೆಲಸಕ್ಕೆ ಬಾರದು ಎನ್ನುವವರು ಫ್ಯಾಬ್‌ಮಾರ್ಟ್ ಕಡೆ ನೋಡಬಹುದು. 1999ರಲ್ಲಿ, ಮನೆಗಳಲ್ಲಿ ಇಂಟರ್ನೆಟ್ ಅಪರೂಪವಾಗಿದ್ದ ಕಾಲದಲ್ಲಿ, ಆನ್‌ಲೈನ್ ಮಾರಾಟಕ್ಕೆ ಇಳಿದ ಬೆಂಗಳೂರಿನ ಕಂಪನಿ ಅದು. ಆಮೇಲೆ ಕಲ್ಲು-ಗಾರೆಯ ದಿನಸಿ ಅಂಗಡಿಗಳತ್ತ ಹೊರಳಿತು. ಅದನ್ನು ಕಟ್ಟಿದವರಲ್ಲಿ ಕೆಲವರು 2011ರಲ್ಲಿ ಮತ್ತೆ ಆನ್‌ಲೈನಿಗೇ ಬಂದು, ದಿನಸಿ ಮಾರುವ ಬಿಗ್‌ಬಾಸ್ಕೆಟ್ ಮಾಡಿದರು.

ಇನ್ನು ಯಾರಾದರೂ ಕದ್ದಾರೆಂದು ಐಡಿಯಾ ಬಚ್ಚಿಡುವ ಚಟ. ಐಡಿಯಾಗೆ ಕಾನೂನಿನ ಕಾವಲಿಲ್ಲ ಎಂಬುದೇನೋ ನಿಜ. ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಂ ಪ್ರಕಾರ ವ್ಯಾಪಾರ ವಿಧಾನಕ್ಕೆ ಪೇಟೆಂಟ್ ಇಲ್ಲ. ಬರಿಯ ಐಡಿಯಾಗೆ ಕಾಪಿರೈಟ್ ಇಲ್ಲವೆಂದು ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ತಯಾರಿಕೆಯ ಗುಟ್ಟಿದ್ದರೆ ಕಾಪಾಡಿಕೊಳ್ಳಿ, ಸರಿ. ಆದರೆ ಬಸ್ ಮಾಲೀಕರ ಮುಂದೆ ಬಾಯಿ ಬಿಡದಿದ್ದರೆ ರೆಡ್‌ಬಸ್‌ನವರಿಗೆ ತಮ್ಮ ಸಾಫ್ಟ್‌ವೇರ್ ಯಾರಿಗೂ ಬೇಡ ಎಂದು ತಿಳಿಯುತ್ತಿದ್ದುದಾದರೂ ಹೇಗೆ?

ಕೇಳುವುದಕ್ಕೂ ಒಂದು ರೀತಿ ಇದೆ. ಭಾವನಿಗೋ ಚಿಕ್ಕಪ್ಪನಿಗೋ ಐಡಿಯಾ ಹೇಳಿದರೆ "ಚೆನ್ನಾಗಿದೆ ಕಣಯ್ಯ, ಮಾಡು" ಅನ್ನುತ್ತಾರೆ. ಅದು ಪ್ರೀತಿ, ಮಾರುಕಟ್ಟೆ ಸಮೀಕ್ಷೆಯಲ್ಲ. ಗುರುತಿಲ್ಲದವರ ಬಳಿ ಹೋಗಿ, ನಿಮ್ಮ ಐಡಿಯಾದ ಸುದ್ದಿಯೆತ್ತದೆ, ಈ ತೊಂದರೆಗೆ ಈಗ ಏನು ಮಾಡುತ್ತಿದ್ದೀರಿ, ಕಳೆದ ತಿಂಗಳು ಎಷ್ಟು ಖರ್ಚಾಯಿತು ಎಂದು ಕೇಳಿ. ಹೋದಲ್ಲೆಲ್ಲ "ಏನೂ ಮಾಡಿಲ್ಲ, ಹಾಗೇ ನಡೀತಿದೆ" ಎಂಬ ಉತ್ತರ ಬಂದರೆ, ಆ್ಯಪ್ ಮಾಡುವವರಿಗೆ ಮುಂಗಡ ಕೊಡುವುದನ್ನು ಸ್ವಲ್ಪ ತಡೆಯಿರಿ.