ಮಳೆನೀರಿನ ದಾರಿ ಬಲ್ಲವರು ಸಲಹಾ ಗುಂಪಿಗೆ ಬನ್ನಿ

ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ, ಯಾವ ಮೋರಿ ಮೊದಲು ಕಟ್ಟಿಕೊಳ್ಳುತ್ತದೆ, ಯಾರ ಹಿತ್ತಲಿಗೆ ನುಗ್ಗುತ್ತದೆ ಎಂಬುದು ಆಯಾ ಬೀದಿಯವರಿಗೆ ಚೆನ್ನಾಗಿ ತಿಳಿದಿರುತ್ತದೆ. ಕಾಮಗಾರಿಯ ಅಂದಾಜುಪಟ್ಟಿ ಸಿದ್ಧವಾಗುವ ಮುನ್ನವೇ ಈ ತಿಳಿವಳಿಕೆಯು ಪಂಚಾಯಿತಿಗೆ ದೊರೆಯಬೇಕು. ಮಳೆನೀರು ನಿರ್ವಹಣೆಗಾಗಿ ಗ್ರಾಮಸ್ಥರ ಸಲಹಾ ಗುಂಪು ಅಗತ್ಯವಾಗುವುದು ಈ ಕಾರಣಕ್ಕೆ.

ನಾನು ಕಾರ್ಯನಿರ್ವಹಿಸಿದ ಗ್ರಾಮವೊಂದರಲ್ಲಿ ಮಣ್ಣಿನ ಬೀದಿಗೆ ಸಿಮೆಂಟ್ ರಸ್ತೆ ನಿರ್ಮಿಸಲಾಯಿತು. ಅಳತೆ, ಗುಣಮಟ್ಟ ಎರಡೂ ಸರಿಯಾಗಿದ್ದವು. ಆದರೆ ರಸ್ತೆಯು ತಗ್ಗಿನ ಮನೆಗಳ ಹೊಸ್ತಿಲಿಗಿಂತ ಎತ್ತರವಾಯಿತು. ಮೊದಲ ದೊಡ್ಡ ಮಳೆಗೇ ನೀರು ಒಳನುಗ್ಗಿ ರಾಗಿ ಚೀಲಗಳು ನೆನೆದವು. “ಇಲ್ಲಿ ಹಿಂದೆ ಹಳ್ಳದ ಕವಲಿತ್ತು. ಕೇಳಿದ್ದರೆ ಹೇಳುತ್ತಿದ್ದೆ ಸ್ವಾಮಿ” ಎಂದರು ಅಲ್ಲಿನ ವೃದ್ಧೆಯೊಬ್ಬರು. ಎಂಜಿನಿಯರಿಂಗ್ ಓದಿದ ನಾನು ನಕ್ಷೆಯನ್ನು ನೋಡಿದ್ದೆ, ಅವರನ್ನು ಕೇಳಿರಲಿಲ್ಲ.

ಲೆಕ್ಕ ಸರಳವಾಗಿದೆ. 1 ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಸುರಿದರೆ 1 ಲೀಟರ್ ನೀರಾಗುತ್ತದೆ. 1 ಹೆಕ್ಟೇರ್ ಜನವಸತಿಯಲ್ಲಿ 50 ಮಿ.ಮೀ. ಮಳೆಯಾದರೆ 5 ಲಕ್ಷ ಲೀಟರ್. ಮಣ್ಣಿನ ನೆಲವು ಇದರಲ್ಲಿ ಒಂದು ಪಾಲನ್ನು ಇಂಗಿಸಿಕೊಳ್ಳುತ್ತದೆ. ಸಿಮೆಂಟ್ ನೆಲವು ಬಹುತೇಕ ಎಲ್ಲವನ್ನೂ ಹರಿಯಬಿಡುತ್ತದೆ. ಆದ್ದರಿಂದ ಬೀದಿ, ಅಂಗಳಗಳು ಸಿಮೆಂಟಾದಂತೆಲ್ಲ ಹಳೆಯ ಅಳತೆಯ ಚರಂಡಿ ಸಾಲದಾಗುತ್ತದೆ.

ಸಲಹಾ ಗುಂಪು ಮಾಡಬಹುದಾದ ಕೆಲಸಗಳು:

1. ಮಳೆ ಸುರಿಯುತ್ತಿರುವಾಗಲೇ ಅಥವಾ ನಿಂತ ಕೂಡಲೇ ಊರನ್ನು ಸುತ್ತಿ, ನೀರು ನಿಲ್ಲುವ ಮತ್ತು ನುಗ್ಗುವ ಸ್ಥಳಗಳನ್ನು ಗುರುತಿಸುವುದು.

2. ಮುಂಗಾರಿಗೆ ಮುನ್ನ ಹೂಳು, ಪ್ಲಾಸ್ಟಿಕ್ ತುಂಬಿದ ಚರಂಡಿ, ಅಡ್ಡಮೋರಿ ಹಾಗೂ ರಾಜಕಾಲುವೆಗಳ ಪಟ್ಟಿಯನ್ನು ಪಂಚಾಯಿತಿಗೆ ನೀಡುವುದು. ಬಯಲುಸೀಮೆಯ ದಕ್ಷಿಣ ಭಾಗದಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿಯೂ ಜೋರು ಮಳೆಯಾಗುವುದರಿಂದ ಆಗಸ್ಟ್‌ನಲ್ಲಿ ಮತ್ತೊಮ್ಮೆ ಪರಿಶೀಲಿಸುವುದು.

3. ಬಚ್ಚಲು ನೀರನ್ನು ಮನೆಯ ಬಳಿಯೇ ಇಂಗುಗುಂಡಿಗೆ ಬಿಡಬಹುದಾದ ಮನೆಗಳನ್ನು, ಚಾವಣಿ ನೀರನ್ನು ಸಂಗ್ರಹಿಸಬಹುದಾದ ಶಾಲೆ, ಅಂಗನವಾಡಿಗಳನ್ನು ಸೂಚಿಸುವುದು.

4. ಹೊಸ ರಸ್ತೆ, ಚರಂಡಿಯ ನಕ್ಷೆಯನ್ನು ಸ್ಥಳದಲ್ಲಿಯೇ ನೋಡಿ ಅಭಿಪ್ರಾಯ ತಿಳಿಸುವುದು.

ಗುಂಪಿನಲ್ಲಿ ಯಾರಿರಬೇಕು ಎಂಬುದು ಮುಖ್ಯ ವಿಷಯ. ಎತ್ತರದ ಬೀದಿಯವರಷ್ಟೇ ಸೇರಿದರೆ ಅವರ ಬೀದಿಯ ನೀರು ಬೇಗ ಹೊರಹೋಗುವ ಸಲಹೆಯೇ ಬರುತ್ತದೆ. ಆ ನೀರು ಕೆಳಗಿನ ಕೇರಿಯನ್ನು ಸೇರುತ್ತದೆ. ಆದ್ದರಿಂದ ತಗ್ಗಿನ ಮನೆಗಳವರು, ಮಹಿಳೆಯರು, ಕೆರೆಯ ಅಚ್ಚುಕಟ್ಟಿನ ರೈತರು, ನೀರುಗಂಟಿಗಳಾಗಿದ್ದ ಹಿರಿಯರು, ಚರಂಡಿ ಸ್ವಚ್ಛಗೊಳಿಸುವ ಪೌರಕಾರ್ಮಿಕರು ಇದರಲ್ಲಿ ಇರಲೇಬೇಕು.

ಇದು ಗೌರವಧನವಿಲ್ಲದ ಸೇವೆ. ಗುಂಪು ಸಲಹೆ ನೀಡುತ್ತದೆ. ತೀರ್ಮಾನವು ಗ್ರಾಮ ಸಭೆ ಮತ್ತು ಪಂಚಾಯಿತಿಯದು. ಒತ್ತುವರಿ ತೆರವು ಗುಂಪಿನ ಅಧಿಕಾರವಲ್ಲ, ಆದರೆ ಅದರ ಬಗ್ಗೆ ಲಿಖಿತವಾಗಿ ತಿಳಿಸಬಹುದು. ಸಲಹೆಯನ್ನು ಒಪ್ಪದಿದ್ದಲ್ಲಿ ಕಾರಣವನ್ನು ಬರೆದು ತಿಳಿಸುವುದು ನಮ್ಮ ಹೊಣೆ. ಉತ್ತರವಿಲ್ಲದ ಸಲಹೆಗಳು ರಾಶಿಯಾದರೆ ಎರಡನೆಯ ವರ್ಷ ಯಾರೂ ಬರುವುದಿಲ್ಲ.

ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇರುವ ಗ್ರಾಮಗಳಲ್ಲಿ ಈ ಗುಂಪು ಅದರೊಡನೆ ಸೇರಿ ಕೆಲಸ ಮಾಡಬಹುದು. ಆಸಕ್ತರು ಮುಂದಿನ ವಾರ್ಡ್ ಸಭೆಯಲ್ಲಿ ಹೆಸರು ನೀಡಿ, ವಿಷಯವನ್ನು ಗ್ರಾಮ ಸಭೆಯ ನಡವಳಿಯಲ್ಲಿ ದಾಖಲಿಸಲು ಕೋರಬೇಕು. ತಾಂತ್ರಿಕ ಜ್ಞಾನ ಬೇಕಿಲ್ಲ. ಕಳೆದ ಮಳೆಗೆ ನೀರು ನಿಮ್ಮ ಗೋಡೆಯ ಯಾವ ಮಟ್ಟಕ್ಕೆ ಬಂದಿತ್ತು ಎಂಬುದನ್ನು ತೋರಿಸಬಲ್ಲಿರಾದರೆ, ನಮ್ಮ ಅಂದಾಜುಪಟ್ಟಿಗೆ ಬೇಕಾದ ಮೊದಲ ಅಳತೆ ನಿಮ್ಮಲ್ಲಿದೆ.